ಕಾಫ್ ಆದಮೇಲೆ ಒಂದು ಸಾಲು

ಜೆರುಸಲೇಂ
14 ನವೆಂಬರ್ 1978

ಅಪ್ಪಾ,

ಅಮ್ಮ ಕಳಿಸಿದ ಬೆಳ್ಳುಳ್ಳಿ ಖಾರದ ಸೀಸೆ ಒಡೆಯದೆ ತಲುಪಿತು. ಹಾಸ್ಟೆಲ್ಲಿನ ಹುಡುಗಿಯರು ಒಂದೊಂದು ಚಮಚ ತಿಂದು ನಲ್ಲಿಯ ಹತ್ತಿರ ಓಡಿದರು. ಮರುದಿನ ಅವರೇ ಬಂದು ಇನ್ನೂ ಇದೆಯಾ ಎಂದು ಕೇಳಿದರು.

ಈಗ ನಿನಗೆ ಒಂದು ಸುದ್ದಿ. ಕೂತುಕೊಂಡು ಓದು. ಕೋಳಿಗಳಿಗೆ ಕಾಳು ಹಾಕುತ್ತಾ ಓದಬೇಡ.

ನಮಗೆ ಪ್ರಾರ್ಥನೆಗಳ ಇತಿಹಾಸ ಕಲಿಸುವ ಪ್ರೊಫೆಸರ್ ಹೈಲ್‌ಬ್ರೂನ್ ಬಗ್ಗೆ ಹೇಳಿದ್ದೆನಲ್ಲ, ಬೇಸಿಗೆಯಲ್ಲೂ ಕೋಟು ಬಿಚ್ಚದ ಜರ್ಮನಿಯ ಮುದುಕರು? ಅವರ ಕ್ಲಾಸಿನಲ್ಲಿ ಯಾವ ಸಾಲು ಓದಿದರೂ ಮೂರು ಪ್ರಶ್ನೆ: "ಯಾರು? ಯಾವಾಗ? ಯಾಕೆ?" ಯಾರು ಬರೆದರು, ಯಾವಾಗ ಬರೆದರು, ಯಾಕೆ ಬರೆದರು. ಮೂರಕ್ಕೂ ಉತ್ತರ ಸಿಗುವುದೇ ಇಲ್ಲ. ಅವರು ನಿಟ್ಟುಸಿರು ಬಿಟ್ಟು ಮುಂದಿನ ಪುಟ ತಿರುಗಿಸುತ್ತಾರೆ.

ಮೊನ್ನೆ ಇಬ್ಬನಿಯ ಪ್ರಾರ್ಥನೆ ಬಂತು, ಪೆಸಾಹ್ ಹಬ್ಬದ ಬೆಳಿಗ್ಗೆ ನೀನು ಹೇಳಿಸುವುದೇ. "ಬೆಳಕಿನ ಇಬ್ಬನಿಯಿಂದ ಭೂಮಿಯನ್ನು ಬೆಳಗು, ಆಮೆನ್" ಎಂದು ಹೀಬ್ರೂವಿನ ಮೊದಲ ಅಕ್ಷರ ಅಲೆಫ್‌ನಿಂದ ಶುರುವಾಗಿ, ಅಕ್ಷರಕ್ಕೊಂದು ಸಾಲಿನಂತೆ ಹೋಗುವುದು. ಯಾರಾದರೂ ಹಾಡಿ ತೋರಿಸಿ ಎಂದರು. ನಾನು ನಿನ್ನ ಮಗಳಲ್ಲವೇ, ಸುಮ್ಮನಿರುವುದುಂಟೆ? ಎದ್ದು ನಿಂತು, ನಿನ್ನದೇ ರಾಗದಲ್ಲಿ, ಕಣ್ಣು ಮುಚ್ಚಿಕೊಂಡು ಹಾಡಿದೆ. ಅಲೆಫ್, ಬೆತ್, ಗಿಮೆಲ್... ಹನ್ನೊಂದನೆಯ ಕಾಫ್ ಆಯಿತು. ಆಮೇಲೆ ಮುಂದಿನ ಅಕ್ಷರ ಲಾಮೆದ್: "ಲೇದಾದ ಇಬ್ಬನಿಯಿಂದ ಭೂಮಿಯ ಮಡಿಲು ತುಂಬು." ಕಣ್ಣು ತೆರೆದರೆ ಕ್ಲಾಸೆಲ್ಲ ಕಿಸಿಕಿಸಿ ನಗುತ್ತಿದೆ. ಪುಸ್ತಕದಲ್ಲಿ ಕಾಫ್‌ಗೇ ಮುಗಿದುಹೋಗಿದೆ ಅಪ್ಪಾ! ಲಾಮೆದ್ ಸಾಲು ಯಾವ ಪುಸ್ತಕದಲ್ಲೂ ಇಲ್ಲ. ಸಿನಗಾಗಿನಲ್ಲಿ ಪರದೆಯ ಹಿಂದೆ ಕೂರುವ ನಾವು ಹೆಂಗಸರು ಕಿವಿಯಿಂದ ಕಲಿತವರು, ಪುಸ್ತಕದಲ್ಲಿ ಏನಿದೆ ಏನಿಲ್ಲ ಎಂದು ನಾನು ಯಾವತ್ತು ನೋಡಿದ್ದೆ?

ಪ್ರೊಫೆಸರ್ ನಗಲಿಲ್ಲ. ಕನ್ನಡಕ ತೆಗೆದರು. "ಮಿಸ್ ಅರ್ಬೀಬ್, ಇದನ್ನ ಎಲ್ಲಿಂದ ತಂದ್ರಿ?"

"ನಮ್ಮಪ್ಪನಿಂದ ಸರ್. ಅವರು ನಮ್ಮೂರಲ್ಲಿ ಕೋಳಿ ಸಾಕ್ತಾರೆ, ಸಿನಗಾಗಿನಲ್ಲಿ ಪ್ರಾರ್ಥನೆ ಹೇಳಿಸ್ತಾರೆ."

"ಅವರಿಗೆ ಯಾರಿಂದ ಬಂತು?"

ನನಗೆ ಗೊತ್ತಿರಲಿಲ್ಲ. ಲೇದಾ ಎಂದರೆ ಹೆರಿಗೆ. ಪ್ರಾರ್ಥನೆಯಲ್ಲಿ ಆ ಶಬ್ದ ಬರುವುದೇ ಅಪರೂಪವಂತೆ. ಎಲ್ಲೋ ಕಳೆದುಹೋದ ಹಳೆಯ ಸಾಲು ನಮ್ಮೂರಿನಲ್ಲಿ ಉಳಿದುಕೊಂಡಿರಬಹುದು, ಇದನ್ನೇ ಪ್ರಬಂಧ ಮಾಡಿ ಎಂದರು. ಏಪ್ರಿಲ್ ಎರಡಕ್ಕೆ ಇಡೀ ವಿಭಾಗದ ಮುಂದೆ ಮಂಡಿಸಬೇಕು. ಎಂ.ಎ.ಗೆ ವಿದ್ಯಾರ್ಥಿವೇತನದ ಸೀಟು ಈ ಸಲ ಒಂದೇ ಇದೆ, ಅದು ಈ ಪ್ರಬಂಧದ ಮೇಲೆ ನಿಂತಿದೆ. ಅದು ಸಿಗದಿದ್ದರೆ ಜೂನ್‌ನಲ್ಲಿ ನನ್ನ ಓದು ಮುಗಿಯಿತು, ನಿನಗೂ ಗೊತ್ತು.

ಆದ್ದರಿಂದ ಬೇಗ ಬರಿ: ಲಾಮೆದ್ ಸಾಲನ್ನು ನೀನು ಯಾರಿಂದ ಕಲಿತೆ? ಅಜ್ಜನಿಂದಲೇ?

ನಿನ್ನ
ಗಝಾಲಾ


ಊರಿನಿಂದ
ಹನುಕ್ಕಾ ಹಬ್ಬದ ಮೂರನೇ ದಿನ

ಮಗಳೇ ಗಝಾಲಾ,

ನಾವೆಲ್ಲ ಕ್ಷೇಮ. ಉತ್ತರ ತಡವಾಯಿತು. ಕೋಳಿಗಳಿಗೆ ಶೀತವಾಗಿತ್ತು, ಆಮೇಲೆ ನನಗಾಯಿತು. ಆ ಶೀತ ಯಾರಿಂದ ಯಾರಿಗೆ ಬಂತು ಎಂಬ ವಿಷಯದಲ್ಲಿ ನನಗೂ ನಿಮ್ಮ ಅಮ್ಮನಿಗೂ ವಾದವಿದೆ.

ನೀನು ಕ್ಲಾಸಿನಲ್ಲಿ ಎದ್ದು ಹಾಡಿದ್ದನ್ನು ಓದಿ ಬಹಳ ಸಂತೋಷವಾಯಿತು. ಅಂಗಡಿಯ ಮುಂದೆ ನಾಲ್ಕು ಜನಕ್ಕೆ ಓದಿ ಹೇಳಿದೆ. ನಿನ್ನ ಬಹಿಯಾ ಅತ್ತೆ ನನ್ನ ಕೈಯಿಂದ ಕಾಗದ ಕಿತ್ತುಕೊಂಡು, ಓದಲು ಬಾರದಿದ್ದರೂ ಎರಡೂ ಬದಿ ನೋಡಿ ಮುತ್ತಿಟ್ಟಳು.

ಲಾಮೆದ್ ಸಾಲಿನ ವಿಷಯ ಕೇಳಿದ್ದೀಯ. ನಮ್ಮೂರಲ್ಲಿ ಎಲ್ಲರೂ ಹೇಳುತ್ತಾರಲ್ಲ, ಹಾಗೆ ನಾನೂ ಹೇಳುತ್ತೇನೆ. ಜೆರುಸಲೇಮಿನಲ್ಲಿ ಚಳಿ ಜಾಸ್ತಿಯಂತೆ, ಸ್ವೆಟರ್ ಹಾಕಿಕೊ. ಅಂಚೆಯವನು ಹೊರಗೆ ಕಾಯುತ್ತಿದ್ದಾನೆ.

ನಿನ್ನ ಅಪ್ಪ
ರಹಮೀನ್ ಅರ್ಬೀಬ್

ಮರೆತಿದ್ದೆ: ಪ್ರಾರ್ಥನೆಯ ಪುಸ್ತಕ ಅಷ್ಟು ದಪ್ಪ ಇದೆ. ಪ್ರಬಂಧ ಬರೆಯುವುದಕ್ಕೆ ಅದರಲ್ಲಿ ಬೇರೆ ಸಾಲು ಯಾವುದೂ ಸಿಗಲಿಲ್ಲವೇ?


ಜೆರುಸಲೇಂ
30 ಜನವರಿ 1979

ಅಪ್ಪಾ,

ಅಡ್ಡಗೋಡೆ ಮೇಲೆ ದೀಪ ಇಡುವುದನ್ನು ಯಾರಾದರೂ ನಿನ್ನಿಂದ ಕಲಿಯಬೇಕು. ಎಲ್ಲರೂ ಹೇಳುತ್ತಾರಂತೆ, ಇವನೂ ಹೇಳುತ್ತಾನಂತೆ! ಹೇಳಿಸುವವನೇ ನೀನಲ್ಲವೇ?

ಕಳೆದ ವಾರ ಊರಿಗೆ ಬಂದಾಗ ಯಾರನ್ನು ಕೇಳಿದರೂ ಅದೇ ನಗು, ಅದೇ ಉತ್ತರ: "ನಿಮ್ಮಪ್ಪನ್ನೇ ಕೇಳವ್ವಾ." ಬಹಿಯಾ ಅತ್ತೆಯಂತೂ ಬಾಯಿಗೆ ಬಿಸ್ಕತ್ತು ತುರುಕಿ ಕಳಿಸಿದಳು. ನೀನು ಇಡೀ ದಿನ ಕೋಳಿಮನೆಯ ತಗಡು ರಿಪೇರಿ ಮಾಡುತ್ತಿದ್ದೆ. ಆ ತಗಡಿಗೆ ಏನೂ ಆಗಿರಲಿಲ್ಲ, ನಾನು ನೋಡಿದ್ದೇನೆ.

ಇರಲಿ, ನಿನ್ನನ್ನು ಬಿಟ್ಟು ನಾನೇ ಮುಂದುವರಿದಿದ್ದೇನೆ. ಗ್ರಂಥಾಲಯದ ನೆಲಮಾಳಿಗೆಯಲ್ಲಿ ಹಳೆಯ ಹಸ್ತಪ್ರತಿಗಳ ಮೈಕ್ರೊಫಿಲಂ ನೋಡಿ ನೋಡಿ ಕಣ್ಣು ಕೆಂಡವಾಗಿದೆ. ಯಾವುದರಲ್ಲೂ ಲಾಮೆದ್ ಇಲ್ಲ. ನೆತಾನ್ಯ ಪಟ್ಟಣಕ್ಕೆ ಹೋಗಿ, ನಮ್ಮ ಮನೆಯವರ ಹಾಗೆಯೇ ತ್ರಿಪೋಲಿ ಕಡೆಯಿಂದ ಈ ದೇಶಕ್ಕೆ ಬಂದ ಮುದುಕರನ್ನು ಕೂಡಿಸಿ ಹಾಡಿಸಿದೆ. ಎಲ್ಲರೂ ಕಾಫ್‌ಗೆ ಬಂದು ಬ್ರೇಕ್ ಹಾಕಿದರು. ನಾನು ಲಾಮೆದ್ ಹಾಡಿದರೆ ಒಬ್ಬ ಅಜ್ಜ, "ಯಾರ ಮಗಳಮ್ಮಾ ನೀನು? ಪ್ರಾರ್ಥನೆಗೇ ಬಾಲ ಅಂಟಿಸ್ತೀಯಲ್ಲ!" ಎಂದು ಗದರಿದರು. ನನಗೆ ಖುಷಿಯೋ ಖುಷಿ. ತ್ರಿಪೋಲಿ ಪಟ್ಟಣದವರಿಗೂ ಗೊತ್ತಿಲ್ಲ ಎಂದ ಮೇಲೆ ಇದು ಅಜ್ಜ ಆ ದೇಶದಲ್ಲಿ ಬಿಟ್ಟುಬಂದ ಬೆಟ್ಟದ ಊರಿನದೇ ಇರಬೇಕು. ಚಳಿಗಾಲ ಕಳೆದು ಭೂಮಿ ಹೊಸದಾಗಿ ಹೆರುವುದು ಎಂಬ ಹಳೆಯ ಕಲ್ಪನೆ. ಸಾವಿರ ವರ್ಷವಾದರೂ ಆಗಿರಬೇಕು ಎಂದು ಬರೆದಿದ್ದೇನೆ.

ಒಂದೇ ತೊಡಕು. ಪ್ರೊಫೆಸರ್ ದಿನಾ ಕೇಳುತ್ತಾರೆ: "ಲಾಮೆದ್‌ವರೆಗೆ ಬಂದೋರು ಅಲ್ಲೇ ಯಾಕೆ ನಿಂತರು? ಇನ್ನೂ ಹತ್ತು ಅಕ್ಷರ ಇದೆಯಲ್ಲ?" ಹಾಳೆ ಹರಿದುಹೋಗಿರಬಹುದು ಎಂದೆ. ತಲೆ ಅಲ್ಲಾಡಿಸಿದರು. ಅವರಿಗೆ ಒಪ್ಪಿಗೆಯಾಗಲಿಲ್ಲ.

ಇದೊಂದಕ್ಕಾದರೂ ನೆಟ್ಟಗೆ ಉತ್ತರ ಕೊಡು.

ಗಝಾಲಾ


ಊರಿನಿಂದ
ಪೂರಿಂ ಹಬ್ಬದ ಮರುದಿನ

ಮಗಳೇ,

ಕ್ಷೇಮ. ಅಮ್ಮ ಸಿಹಿ ಕಳಿಸಿದ್ದಾಳೆ.

ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡ. ಸಾವಿರ ವರ್ಷ ಎಂದು ಬರೆದೇ ಬಿಟ್ಟೆಯಾ? ಬರೆದದ್ದನ್ನು ಅಳಿಸಲು ಬರುತ್ತದೆಯೇ? ಸಾಲು ಹಳೆಯದೇ ಆಗಿರಬೇಕೆಂದು ಏನಿದೆ? ಈ ವಿಷಯ ಬಿಟ್ಟು ಬೇರೆ ಏನಾದರೂ ಬರೆದರೆ ಆ ಪ್ರೊಫೆಸರ್ ಸೀಟು ಕೊಡುವುದಿಲ್ಲವೇ?

ಅಪ್ಪ


ಜೆರುಸಲೇಂ
20 ಮಾರ್ಚ್ 1979

ಅಪ್ಪನಿಗೆ,

ಎಲ್ಲ ಅರ್ಥವಾಯಿತು. ನಾಲ್ಕು ತಿಂಗಳಿಂದ ಒಂದು ಪ್ರಶ್ನೆ ಕೇಳುತ್ತಿದ್ದೇನೆ, ನೀನು ಶೀತ, ತಗಡು, ಸ್ವೆಟರ್ ಎಂದು ತಳ್ಳುತ್ತಿದ್ದೀಯ. ಈಗ ಬಿಟ್ಟುಬಿಡು ಎನ್ನುತ್ತೀಯ.

ಪರದೆಯ ಹಿಂದೆ ಕೂರಬೇಕಾದ ಹುಡುಗಿ ನಿಮ್ಮ ಪ್ರಾರ್ಥನೆಯನ್ನು ಬಿಡಿಸಿ ನೋಡುವುದು ನಿನಗೆ ಇಷ್ಟವಿಲ್ಲ. ಹಾಗೆಂದು ನೇರವಾಗಿ ಹೇಳಿಬಿಡು. ಬೇರೆಯವರು ಹೇಳಿದರೆ ಕೇರ್ ಮಾಡುವುದಿಲ್ಲ ಅಪ್ಪಾ, ನೀನು ಹೇಳಿದರೆ ಸಂಕಟವಾಗುತ್ತದೆ. ಆ ರಾಗವನ್ನು ಕೋಳಿಮನೆಯಲ್ಲಿ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಕಲಿಸಿದವನು ನೀನೇ.

ನೀನು ಹೇಳದಿದ್ದರೂ ಏಪ್ರಿಲ್ ಎರಡಕ್ಕೆ ನಾನು ಎದ್ದು ನಿಂತು ಮಾತಾಡುತ್ತೇನೆ.

ಗಝಾಲಾ


ಊರಿನಿಂದ
ನಿಸಾನ್ ಮಾಸದ ಮೊದಲ ಸಂಜೆ

ಗಝಾಲಾ,

ಬರೆಯುತ್ತಿರುವ ಕೈ ನನ್ನದು, ಹೇಳುತ್ತಿರುವ ಬಾಯಿ ನಿನ್ನ ಅಮ್ಮನದು. ಇವತ್ತು ಬ್ಸೀಸಾ ಹಬ್ಬವಲ್ಲವೇ, ಹುರಿದ ಹಿಟ್ಟಿಗೆ ಎಣ್ಣೆ ಹೊಯ್ದು ಮನೆಯ ಬೀಗದ ಕೈಯಿಂದ ಕಲಸಿ ಈಗ ತಾನೆ ಎದ್ದೆವು. ಆ ಬೀಗದ ಕೈಯನ್ನು ಹಿಟ್ಟಿನ ಸಮೇತ ಹಿಡಿದುಕೊಂಡು ಎದುರಿಗೆ ಕೂತಿದ್ದಾಳೆ.

"ಒಂದಕ್ಷರ ಬಿಡದ ಹಾಗೆ ಬರೀರಿ," ಎನ್ನುತ್ತಿದ್ದಾಳೆ. "ಕೀ ಇಲ್ಲದೆ ಬಾಗಿಲು ತೆಗೆಯೋ ತಂದೇ ಅಂತ ಈಗಷ್ಟೇ ದೇವರನ್ನ ಕೇಳಿಕೊಂಡಿದೀವಿ. ನಿಮ್ಮ ಬಾಯಿ ತೆಗೆಸೋಕೆ ಮಾತ್ರ ಕೀ ಹಿಡ್ಕೊಂಡು ಕೂರಬೇಕು!"

ಇನ್ನು ಮುಂದೆ ಅವಳ ಮಾತು.

"ಮಗಳೇ, ನಿನ್ನ ಕಾಗದ ಓದಿ ನಿಮ್ಮಪ್ಪ ಕೋಳಿಮನೇಲಿ ಕೂತು ಅತ್ತರು. (ಹೊಟ್ಟಿನ ಧೂಳು ಕಣ್ಣಿಗೆ ಬಿದ್ದಿತ್ತು. — ಅಪ್ಪ) ಧೂಳಂತೆ ಧೂಳು! ಸಂಜೆವರೆಗೂ ಉದುರ್ತಾನೇ ಇತ್ತಾ ಆ ಧೂಳು?

"ಕೇಳು. ಆ ಸಾಲು ಸಾವಿರ ವರ್ಷದ್ದೂ ಅಲ್ಲ, ನಿಮ್ಮಜ್ಜ ಬೆಟ್ಟದಿಂದ ತಂದದ್ದೂ ಅಲ್ಲ. ಅದಕ್ಕೆ ನಿನ್ನಷ್ಟೇ ವಯಸ್ಸು. ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದಳಂತೆ ಒಬ್ಬಳು. ನೀನು ಅವಳನ್ನೂ ಮೀರಿಸಿದೆ, ನೀನೇ ಆ ಕೂಸು!

"ನಿನಗಿಂತ ಮುಂಚೆ ನನಗೆ ಎರಡು ಕೂಸು ಉಳೀಲಿಲ್ಲ. ನಿನಗೆ ಹೇಳಿರಲಿಲ್ಲ. ಹೇಳಿ ಏನು ಮಾಡೋದಿತ್ತು? ಎರಡು ಸಲಾನೂ ಬಹಿಯಾನೇ ಓಡಿಬಂದು ಇವರಿಗೆ ಆ ಸುದ್ದಿ ಹೇಳಿದ್ದು. ಮೂರನೇ ಸಲ ನೋವು ಶುರುವಾದದ್ದು ಪೆಸಾಹ್ ಬೆಳಿಗ್ಗೆ. ಇವರು ಬಾಗಿಲಲ್ಲೇ ನಿಂತಿದ್ದರು. 'ನೀವಿಲ್ಲಿ ನಿಂತು ಏನು ಕಡೀತೀರಿ? ಹೋಗಿ ಪ್ರಾರ್ಥನೆ ಹೇಳಿಸಿ' ಅಂತ ನರ್ಸಮ್ಮ ಓಡಿಸಿದಳು.

"ಕಾಫ್ ಸಾಲು ಹೇಳ್ತಾ ಇದ್ದಾಗ ಕಿಟಕೀಲಿ ನೋಡ್ತಾರೆ, ಬಹಿಯಾ ಓಡಿ ಬರ್ತಾ ಇದಾಳೆ. ಇವರ ಜೀವ ಹೋದ ಹಾಗಾಯ್ತು. ಸಾಲು ಮುಗಿದರೆ ಪ್ರಾರ್ಥನೆ ಮುಗೀತು, ಪ್ರಾರ್ಥನೆ ಮುಗಿದರೆ ಸುದ್ದಿ ಕೇಳಬೇಕು. ನಡೀತಿರೋ ಪ್ರಾರ್ಥನೆಗೆ ಯಾರೂ ಬಾಯಿ ಹಾಕೋ ಹಾಗಿಲ್ಲವಲ್ಲ? ಅದಕ್ಕೆ ಈ ಮಹಾರಾಯರು ಮುಗಿಸಲೇ ಇಲ್ಲ! ಮುಂದಿನ ಅಕ್ಷರ ಹಿಡಿದು 'ಲೇದಾ' ಅಂದುಬಿಟ್ಟರು. ಬಾಯಿಗೆ ಬಂದದ್ದೇ ಅದು, ಬೇರೆ ಏನು ಬರಬೇಕು? ಜನಕ್ಕೆ ಇವರು ಏನು ಹೇಳಿದರೂ ಆಮೆನ್. ಆಮೇಲೆ ಸಿನಗಾಗಿನೊಳಗೆ ಏನಾಯ್ತೋ ನನಗೆ ಗೊತ್ತಿಲ್ಲ, ನಾನು ಮನೇಲಿ ನಿನ್ನ ಮುಖ ನೋಡ್ತಾ ಇದ್ದೆ.

"ಮರುವರ್ಷ ನೀನು ನನ್ನ ತೊಡೆ ಮೇಲೆ ಕೂತು ಕಿರುಚ್ತಿದ್ದೆ. ಇವರು ಆ ಸಾಲು ಹೇಗೆ ಬಿಡ್ತಾರೆ? ಆಮೇಲೆ ಊರ ಬಸುರಿಯರೆಲ್ಲ ಆ ಸಾಲಿಗೇ ಅಂತ ಹೊಟ್ಟೆ ಹಿಡ್ಕೊಂಡು ಬಂದು ಕೂರೋಕೆ ಶುರು ಮಾಡಿದರು. ಇಷ್ಟೇ ಕಥೆ. ಬರೆದಾಯ್ತಾ? ಓದಿ ಹೇಳಿ ನೋಡೋಣ."

ಓದಿ ಹೇಳಿದೆ. ಅವಳು ಒಳಗೆ ಹೋದಳು. ಈಗ ನನ್ನ ಮಾತು.

ಮಗಳೇ, ನೀನು ಓದುವುದು ಇಷ್ಟವಿಲ್ಲ ಎಂದು ಹೇಗಾದರೂ ಬರೆದೆ? ನಿನ್ನ ಮೊದಲ ಕಾಗದ ನನ್ನ ಜೇಬಿನಲ್ಲೇ ಇದೆ, ಮಡಿಕೆಯಲ್ಲಿ ಹರಿದಿದೆ. ನೀನು ಅಷ್ಟು ಕುಣಿದಾಡುತ್ತಿದ್ದೆ, ನಾನು ಹೇಳಿದರೆ ಸೀಟೂ ಹೋಗುತ್ತದೆ, ಕುಣಿತವೂ ಹೋಗುತ್ತದೆ ಎಂದು ಹೆದರಿದೆ. ಇನ್ನೂ ಹೆದರಿಕೆಯೇ. ಆದರೆ ಗೊತ್ತಿದ್ದೂ ನಿನ್ನನ್ನು ಅಷ್ಟು ಜನರ ಮುಂದೆ ಸುಳ್ಳು ಹೇಳಿಸಲಾರೆ. ಮೊಟ್ಟೆ ಲಾರಿ ನಾಳೆ ಜೆರುಸಲೇಮಿಗೆ ಬರುತ್ತದೆ, ಡ್ರೈವರ್ ಕೈಯಲ್ಲೇ ಇದನ್ನು ಕಳಿಸುತ್ತೇನೆ.

ನಿನ್ನ ಅಪ್ಪ


ಜೆರುಸಲೇಂ
3 ಏಪ್ರಿಲ್ 1979

ಅಪ್ಪಾ, ಅಮ್ಮಾ,

ಕಾಗದ ಬಂದಾಗ ಮೊದಲು ಅತ್ತುಬಿಟ್ಟೆ. ಸೀಟಿಗಾಗಿ ಅಲ್ಲ, ಉಳಿಯದೆ ಹೋದ ಆ ಇಬ್ಬರಿಗಾಗಿ. ಆಮೇಲೆ ಕೀ ಹಿಡಿದು ಕೂತ ಅಮ್ಮನನ್ನು ನೆನೆದು ನಕ್ಕೆ. ಹಾಸ್ಟೆಲ್ಲಿನವರು ನಾನು ಅಳುತ್ತಿದ್ದೇನೋ ನಗುತ್ತಿದ್ದೇನೋ ತಿಳಿಯದೆ ನಿಂಬೆಹಣ್ಣಿನ ಪಾನಕ ಕುಡಿಸಿದರು.

ಅಪ್ಪಾ, ನಾನು ಬರೆದದ್ದು ತಪ್ಪು. ನನ್ನ ಕಾಗದದ ಮಡಿಕೆ ಹರಿದ ವಿಷಯ ಓದಿದ ಮೇಲೆ ನನಗೆ ನನ್ನ ಮೇಲೇ ಕೋಪ ಬಂತು.

ನಿನ್ನೆ ಬೆಳಿಗ್ಗೆ ಪ್ರೊಫೆಸರ್ ಕೋಣೆಗೆ ಹೋಗಿ, "ಸರ್, ಪ್ರಬಂಧ ಮುಗೀತು. ನಾನು ಬರೆದದ್ದೆಲ್ಲ ತಪ್ಪು" ಎಂದು ನಿಮ್ಮ ಕಾಗದ ಕೊಟ್ಟೆ. ಓದಿದರು. ಮತ್ತೆ ಓದಿದರು. ಕೋಟು ಬಿಚ್ಚಿ ಕುರ್ಚಿಗೆ ಹಾಕಿದರು! ಆಮೇಲೆ ಹೇಳಿದರು:

"ಮಿಸ್ ಅರ್ಬೀಬ್, ಯಾರು, ಯಾವಾಗ, ಯಾಕೆ ಅಂತ ನಾನು ಜೀವಮಾನವೆಲ್ಲ ಸತ್ತವರನ್ನ ಕೇಳ್ತಾ ಬಂದಿದೀನಿ. ಒಬ್ಬರೂ ಉತ್ತರ ಬರೆದಿರಲಿಲ್ಲ. ನಿಮ್ಮಪ್ಪ ಬರೆದಿದಾರೆ. ಅದೂ ಮೊಟ್ಟೆ ಲಾರೀಲಿ ಕಳಿಸಿದಾರೆ. ಇದಕ್ಕೆ ತಪ್ಪು ಅಂತೀರಾ?"

ಬರೆದಿದ್ದ ಪ್ರಬಂಧವನ್ನು ಮೇಜಿನ ಮೇಲೇ ಬಿಟ್ಟು ನಿಮ್ಮ ಕಾಗದ ಹಿಡಿದು ಸಭೆಗೆ ಹೋದೆ. ಒಂದು ಪ್ರಾರ್ಥನೆ ಹೇಗೆ ಹುಟ್ಟುತ್ತದೆ ಎಂದು ಹೇಳಿದೆ: ಒಬ್ಬ ಹೆದರಿದ ಮನುಷ್ಯ, ಒಂದು ಕಿಟಕಿ, ಓಡಿಬರುವ ತಂಗಿ, ಏನು ಹೇಳಿದರೂ ಆಮೆನ್ ಎನ್ನುವ ಊರು. ಅಮ್ಮನ ಮಾತನ್ನು ಇದ್ದದ್ದು ಇದ್ದ ಹಾಗೆ ಓದಿದೆ. ಧೂಳಿನ ಸಾಲು ಬಂದಾಗ ಸಭೆ ಹೊಟ್ಟೆ ಹಿಡಿದು ನಕ್ಕಿತು. ಕೊನೆಗೆ ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು: "ಎಲ್ಲ ಸರಿ, ಆದರೆ ಲಾಮೆದ್‌ನಲ್ಲೇ ಯಾಕೆ ನಿಂತಿತು?" ನಾನೆಂದೆ, "ಗೊತ್ತಿಲ್ಲ, ಅಪ್ಪನ್ನ ಕೇಳಬೇಕು."

"ನಾನೇ ಹೋಗಿ ಕೇಳ್ತೀನಿ" ಎಂದು ಎದ್ದರು ಪ್ರೊಫೆಸರ್!

ಸೀಟು ನನ್ನದೇ. ಸಹಿಯಾಯಿತು. ಅಮ್ಮಾ, ಹಬ್ಬಕ್ಕೆ ಅವರೂ ನಮ್ಮ ಮನೆಗೆ ಬರುತ್ತಾರೆ. ಖಾರ ಸ್ವಲ್ಪ ಕಡಿಮೆ ಹಾಕು, ಅವರ ವಯಸ್ಸಿಗಾದರೂ ಮರ್ಯಾದೆ ಕೊಡು.

ನಿಮ್ಮ ಕೂಸು
ಗಝಾಲಾ


ಜೆರುಸಲೇಂ
22 ಏಪ್ರಿಲ್ 1979

ಅಪ್ಪಾ,

ಹಬ್ಬ ಮುಗಿಸಿ ವಾಪಸ್ ಬರುವಾಗ ಬಸ್ಸಿನಲ್ಲಿ ದಾರಿಯುದ್ದಕ್ಕೂ ಪ್ರೊಫೆಸರ್ ಕಿಟಕಿಯ ಹೊರಗೆ ನೋಡುತ್ತಾ ನಿನ್ನ ರಾಗವನ್ನು, ಅದೂ ಅಪಶ್ರುತಿಯಲ್ಲಿ, ಗುನುಗುತ್ತಿದ್ದರು. ಮಡಿಲಲ್ಲಿ ಅಮ್ಮ ಕೊಟ್ಟ ಖಾರದ ಸೀಸೆ.

ಹಬ್ಬದ ಬೆಳಿಗ್ಗೆ ಪರದೆಯ ಆಚೆ ಗಂಡಸರ ಕಡೆ ಏನಾಯಿತು ಎಂದು ನನಗೆ ಕಾಣಿಸಲಿಲ್ಲ. ನಮ್ಮ ಕಡೆಯ ಕಥೆ ಕೇಳು. ನೀನು ಕಾಫ್ ಹೇಳಿದೆ. ಎಲ್ಲರೂ ಆಮೆನ್ ಎಂದೆವು. ಆಮೇಲೆ ಸದ್ದೇ ಇಲ್ಲ! ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಂದಿನ ಸಾಲಿನಲ್ಲಿ ಕೂತಿದ್ದ ಬಸುರಿ ಹುಡುಗಿ ಅಳುವ ಹಾಗಾದಳು. ಅಷ್ಟರಲ್ಲಿ ಅಮ್ಮ ಎದ್ದು ಪರದೆಯ ಮರದ ಚೌಕಟ್ಟಿಗೆ ಎರಡು ಗುದ್ದು ಹಾಕಿ ಕೂಗಿದಳಲ್ಲ, "ರೀ! ಮಗಳನ್ನ ಎಲ್ಲಿ ಬಿಟ್ರಿ?" ನನಗೆ ನಾಚಿಕೆಯಿಂದ ನೆಲ ಬಿರಿಯಬಾರದೇ ಅನಿಸಿತು. ಆಮೇಲೆ ನಿನ್ನ ದನಿ ಬಂತು. ಅಂಥ ಲಾಮೆದ್ ನಾನು ಎಂದೂ ಕೇಳಿಲ್ಲ.

ಕಾಫ್ ಆದಮೇಲೆ ಯಾಕೆ ನಿಲ್ಲಿಸಿದೆ? ಮತ್ತೆ ಲಾಮೆದ್ ಬಗ್ಗೆ ಪ್ರೊಫೆಸರ್ ಕೇಳಬೇಕಿದ್ದ ಆ ಪ್ರಶ್ನೆ ಏನಾಯಿತು? ಪ್ರೊಫೆಸರನ್ನು ಕೇಳಿದರೆ, "ಉತ್ತರ ನಿಮ್ಮಪ್ಪನದು, ಅವರಿಂದಲೇ ಕೇಳಿ" ಎಂದರು. ಈ ಸಲ ತಗಡು ರಿಪೇರಿಯ ನೆಪ ಬೇಡ.

ಗಝಾಲಾ


ಊರಿನಿಂದ
ಇಯಾರ್ ಮಾಸ, ಮೊದಲ ವಾರ

ಮಗಳೇ ಗಝಾಲಾ,

ತಗಡು ಚೆನ್ನಾಗಿದೆ. ಕೋಳಿಗಳೂ ಚೆನ್ನಾಗಿವೆ. ಪೂರ್ತಿ ಉತ್ತರ ಬರೆಯುತ್ತಿದ್ದೇನೆ.

ಯಾಕೆ ನಿಲ್ಲಿಸಿದೆ ಎಂದರೆ, ಅಷ್ಟು ದೊಡ್ಡ ವಿದ್ವಾಂಸ ಪುಸ್ತಕ ತೆರೆದುಕೊಂಡು ನನ್ನ ಪಕ್ಕದಲ್ಲೇ ನಿಂತಿದ್ದರು. ಅವರ ಬೆರಳು ಸಾಲಿನ ಮೇಲೆ ಸರಿಯುತ್ತಾ ಬಂದು ಕಾಫ್ ಹತ್ತಿರ ನಿಂತಿತು. ಮುಂದೆ ಹಾಳೆ ಖಾಲಿ. ಪುಸ್ತಕದಲ್ಲಿ ಇರುವಷ್ಟೇ ಹೇಳಿ ಮರ್ಯಾದೆಯಿಂದ ಇಳಿದುಬಿಡೋಣ ಅನಿಸಿತು. ಆಗ ನಿನ್ನ ಅಮ್ಮ ಗುದ್ದಿದಳು. ಊರೆಲ್ಲ ನಕ್ಕಿತು. ಪ್ರೊಫೆಸರ್ ಪುಸ್ತಕ ಮುಚ್ಚಿ ನನ್ನ ಕಿವಿಯ ಹತ್ತಿರ ಬಗ್ಗಿ ಹೇಳಿದರು: "ಮಿಸ್ಟರ್ ಅರ್ಬೀಬ್, ನಾನು ಇಷ್ಟು ದೂರ ಕಾಫ್ ಕೇಳೋಕೆ ಬಂದಿಲ್ಲ." ಆಮೇಲೆ ಹಾಡದೆ ಇರುವುದು ಹೇಗೆ? ಅವರ ಆಮೆನ್ ಎಲ್ಲರಿಗಿಂತ ಜೋರಾಗಿತ್ತು.

ಊಟವಾದ ಮೇಲೆ ಅಂಗಳದಲ್ಲಿ ಕೂತು, ಕಣ್ಣು ಮೂಗೆಲ್ಲ ಒರೆಸಿಕೊಳ್ಳುತ್ತಾ (ನಿನ್ನ ಅಮ್ಮ ಖಾರ ಕಡಿಮೆ ಹಾಕಿರಲಿಲ್ಲ) ಆ ಪ್ರಶ್ನೆ ಕೇಳಿದರು. "ಲಾಮೆದ್‌ನಲ್ಲೇ ಯಾಕೆ ನಿಲ್ಲಿಸಿದಿರಿ? ಇನ್ನೂ ಹತ್ತು ಅಕ್ಷರ ಇತ್ತಲ್ಲ?"

ಅವರಿಗೆ ಹೇಳಿದ್ದನ್ನೇ ನಿನಗೂ ಹೇಳುತ್ತೇನೆ.

ಆವತ್ತು, ಆ ಮೊದಲ ಸಲ, ನಾನು ಲಾಮೆದ್‌ಗೆ ನಿಲ್ಲಿಸಬೇಕು ಎಂದುಕೊಂಡಿರಲಿಲ್ಲ. ಲೇದಾ ಸಾಲು ಹೇಳುವಾಗಲೇ ಮುಂದಿನ ಅಕ್ಷರ ಮೆಮ್‌ಗೆ ಶಬ್ದ ಹುಡುಕುತ್ತಿದ್ದೆ. ಅದಾದ ಮೇಲೆ ಇನ್ನೊಂದು, ಅದಾದ ಮೇಲೆ ಮತ್ತೊಂದು, ಕೊನೆಯ ಅಕ್ಷರ ತಾವ್‌ವರೆಗೂ ಹೋಗುತ್ತಿದ್ದೆ. ಅಲ್ಲಿಯೂ ಬಹಿಯಾ ಸುಮ್ಮನೆ ನಿಂತಿದ್ದರೆ ತಿರುಗಿ ಅಲೆಫ್‌ನಿಂದ ಶುರು ಮಾಡುತ್ತಿದ್ದೆ. ಊರಿನವರಿಗೆ ಹಸಿವಾಗಲಿ, ಹಬ್ಬದ ಊಟ ಆರಲಿ, ನನಗೇನು! ಆದರೆ ಜನ ಆಮೆನ್ ಎಂದ ಮರುಕ್ಷಣ ಬಾಗಿಲಲ್ಲಿ ಬಹಿಯಾ ನಾಲಗೆ ಹೊರಳಿಸಿ, ಮದುವೆ ಮನೆಯಲ್ಲಿ ಕೂಗುತ್ತಾರಲ್ಲ, ಹಾಗೆ ಸಂಭ್ರಮದ ಕೂಗು ಹಾಕಿದಳು. ಪ್ರಾರ್ಥನೆಯ ಮಧ್ಯೆ ಯಾರೂ ಬಾಯಿ ಹಾಕುವಂತಿಲ್ಲ ಎಂಬುದು ಅವಳಿಗೆಲ್ಲಿ ನೆನಪಿತ್ತು!

ಲಾಮೆದ್‌ನಲ್ಲಿ ಯಾಕೆ ನಿಂತಿತು ಎಂದು ಇನ್ನು ಯಾರಾದರೂ ಕೇಳಿದರೆ ಹೇಳು ಮಗಳೇ: ಅಷ್ಟರಲ್ಲಿ ನೀನು ಬಂದೆ.

ನಿನ್ನ ಅಪ್ಪ
ರಹಮೀನ್